ಫೋಟೊ ಬಾಕಿ

ನಗರಸಭೆ ಕೊಟ್ಟ ಫೋನು. ಬೆನ್ನಿಗೆ ಬಿಳಿ ಪೇಂಟಿನ ನಂಬರು,
ಮದುವೆಮನೆ ಪಾತ್ರೆಗೆ ಬರೆದ ಹಾಗೆ.
ಕಟ್ಟಡಕ್ಕೊಂದು ಫೋಟೊ. ಎದುರಿನಿಂದ ಮಾತ್ರ.
ಬಾಗಿಲು ಕಾಣಬೇಕು, ನಂಬರು ಕಾಣಬೇಕು,
ಜನ ಕಾಣಬಾರದು.
ಫೋಟೊಗೆ ಹನ್ನೊಂದು ರೂಪಾಯಿ.

ಮಡಿಕೇರಿಯನ್ನು ಹೀಗೆ ನೋಡಿದವಳೇ ಅಲ್ಲ ನಾನು,
ಹಿಂದೆ ಹಿಂದೆ ಸರಿಯುತ್ತ, ಚರಂಡಿಯಂಚು ಹಿಮ್ಮಡಿಗೆ ತಾಗುವ ತನಕ.
ಹೆಂಚಿನ ಹಾಗೆ ಮಡಿಚಿದ ತಗಡು,
ಮರದ ಹಾಗೆ ಗೆರೆ ಎಳೆಸಿಕೊಂಡ ಸಿಮೆಂಟು ಕಂಬ,
ಕಲ್ಲಿನ ಹಾಗೆ ಅಂಟಿಸಿದ ಟೈಲು.
ಹೊಸ ಲಾಡ್ಜಿನ ಮೈತುಂಬ ನೀಲಿ ಗಾಜು; ಅದರಲ್ಲಿ
ಎದುರಿನ ಬೆಟ್ಟ ಚೌಕ ಚೌಕವಾಗಿ ತುಂಡಾಗಿ
ಒಂದಕ್ಕೊಂದು ತಾಳೆಯಾಗದೆ ನಿಂತಿದೆ.
ಮಂಜು ಬಂದರೆ ಅರ್ಧ ಗಂಟೆಯ ಕೂಲಿ ಹೋಯಿತು.
ಯಾರದೋ ಗೇಟಿಗೆ ಒರಗಿ ಕಾಯುತ್ತೇನೆ;
ಮೊದಲು ನಾಯಿ ಕೇಳಿಸುತ್ತದೆ,
ಆಮೇಲೆ ಮನೆ ಕಾಣಿಸುತ್ತದೆ.

ವಾರ್ಡು ಮುಗಿದ ಸಂಜೆ ಆ್ಯಪಿನಲ್ಲಿ ಐದು ಕೆಂಪು ಚುಕ್ಕಿ.
ಐದು ಬಾಗಿಲು, ಫೋಟೊ ಬಾಕಿ.
"ಬೊಳ್ಳಮ್ಮ, ಚುಕ್ಕಿ ಹಸಿರಾಗದೆ ಬಿಲ್ಲು ಪಾಸಾಗಲ್ಲ," ಪಾಲಾಕ್ಷ ಸರ್.
"ಅಲ್ಲಿ ಮನೆ ಇಲ್ಲ ಸರ್. ಗುಡ್ಡ ಇಳಿದ ವರ್ಷ ಹೋದದ್ದು."
"ಹೋಗಿದ್ದಕ್ಕೆ ಅರ್ಜಿ ಕೊಟ್ಟಿದ್ದಾರಾ?"

ಮನೆಗಳಿದ್ದಲ್ಲಿ ಈಗ ತಡೆಗೋಡೆ,
ಮೂರಾಳೆತ್ತರ, ನೀರು ಬಸಿಯಲು ಸಾಲಾಗಿ ಪೈಪಿನ ಬಾಯಿ.
ಬಸ್ಸಲ್ಲಿ ಎಷ್ಟೋ ಸಲ ದಾಟಿದ್ದೇನೆ.
ಗೋಡೆಯನ್ನು ಯಾರು ನೋಡುತ್ತಾರೆ?
ಗೋಡೆ ಇರುವುದೇ ನೋಟ ಅಲ್ಲಿಗೆ ನಿಲ್ಲಲಿ ಎಂದು.

ಅಂದು ಇಳಿದೆ. ಬೂದು ಸಿಮೆಂಟಿನ ಮೇಲೆ ಐದು ಬಾಗಿಲು,
ಬಣ್ಣದವು, ಆಳುದ್ದ, ನೆಲಕ್ಕೆ ತಾಗಿ.
ಹಸಿರು ಬಾಗಿಲ ಚಿಲಕದಲ್ಲಿ ಹಾಲಿನ ಚೀಲ.
ಇನ್ನೊಂದರ ಬುಡದಲ್ಲಿ ಬೆಕ್ಕು ಕೆರೆದ ಗುರುತು.
ಒಂದು ಪೈಪು ಹಿತ್ತಾಳೆ ನಲ್ಲಿಯಾಗಿದೆ;
ನಿಜದ ನೀರು ಬರೆದ ಬಕೆಟ್ಟಿಗೆ ಸುರಿಯುತ್ತಿದೆ
ಬೆಳಗಿನಿಂದ.
ಮೇಲೆ ತಗಡಿನ ಬಿಲ್ಲೆ, ಅದೂ ಬಣ್ಣದ್ದೇ:
೧೭/೪೨, ೧೭/೪೩, ೧೭/೪೩ಎ...
ಕೈಯಲ್ಲಿದ್ದ ಫೋನಿನ ಜೊತೆ ಹೋಲಿಸಿ ನೋಡಿದೆ. ಅವೇ.

ಲಾರಿಗಳಿಗೆ ನಂಬರು ಬರೆಯುವ ಇನಾಸನ ಅಂಗಡಿ ಕೆಳಗಿನ ತಿರುವಿನಲ್ಲಿ.
"ಯಾರು ಬರೆಸಿದ್ದು?"
"ಯಾರೂ ಇಲ್ಲ. ಆ ಮನೆಗಳ ಬಿಲ್ಲೆ ಬರೆದುಕೊಟ್ಟವನು ನಾನು,
ಒಂದಕ್ಕೆ ಐವತ್ತು. ಕುಂಞಿಪಾತುಮ್ಮ ಇಪ್ಪತ್ತು ನಿಲ್ಲಿಸಿದ್ದರು,
ಮೂರರ ಬಾಲ ಉದ್ದವಾಯಿತು ಅಂತ."
ಟರ್ಪೆಂಟೈನ್ ಬಟ್ಟೆಗೆ ಬೆರಳು ಒರೆಸಿಕೊಂಡ,
ಒಂದೊಂದಾಗಿ, ಎಣಿಸುವವನ ಹಾಗೆ.

ಕೊನೆಯ ಬಾಗಿಲು ನಾಲ್ಕು ಬೆರಳಷ್ಟು ತೆರೆದಿದೆ.
ಸಂದಿಯೊಳಗೆ ಬರೀ ಸಿಮೆಂಟು.
"ಇದೊಂದು ಮುಗಿದಿಲ್ಲವಾ?"
"ಮುಗಿದಿದೆ. ಆ ಮನೆಯೊಳಗೆ ನಾನು ಹೋಗಿರಲಿಲ್ಲ."

ಎದುರಿನಿಂದ ತೆಗೆದೆ.
ಬಾಗಿಲು ಕಾಣುತ್ತದೆ, ನಂಬರು ಕಾಣುತ್ತದೆ,
ಜನ ಕಾಣುವುದಿಲ್ಲ.
ಮಹಡಿ ಎಷ್ಟು, ಆ್ಯಪು ಕೇಳಿತು. ಒಂದು.
ಚಾವಣಿ? ಪಟ್ಟಿಯಲ್ಲಿ ಆಕಾಶ ಇರಲಿಲ್ಲ; ಇತರೆ.
ವಾಸ ಇದ್ದಾರೆಯೇ?
ಹೌದು, ಇಲ್ಲ. ಎರಡೇ ಗುಂಡಿ.
ಯಾವುದನ್ನು ಒತ್ತಿದೆನೋ ಇಲ್ಲಿ ಹೇಳಲಾರೆ.
ಬಿಲ್ಲು ಪಾಸಾಗಿದೆ.

ತಿಂಗಳ ಮೇಲೆ ಇನಾಸನ ಫೋನು, ನಗು ತಡೆಯದೆ:
ತೆರಿಗೆ ನೋಟಿಸು ಹಂಚುವ ಹೊಸ ಹುಡುಗ ಬಂದಿದ್ದನಂತೆ,
ಮುಸ್ಸಂಜೆ, ಮಂಜು ಬೇರೆ.
ಬಾಗಿಲು ಬಡಿದು ಗೆಣ್ಣು ತರಚಿಕೊಂಡು
ಬೆಲ್ಲು ಎಲ್ಲಿ ಎಂದು ಬೈದನಂತೆ.

ಭಾನುವಾರ ಹೋದೆ, ಫೋನು ಮನೆಯಲ್ಲೇ ಬಿಟ್ಟು.
ಐದೂ ಬಾಗಿಲ ಬಲಕ್ಕೆ ಒಂದೊಂದು ಬೆಲ್ಲು,
ಬಿಳಿ, ಗುಂಡಗೆ, ನಡುವೆ ಕಪ್ಪು ಚುಕ್ಕಿ.
ಗೊತ್ತಿದ್ದೂ ಕೈ ಮುಂದೆ ಹೋಗಿತ್ತು.
ಬೆರಳ ತುದಿಯ ಬಣ್ಣ
ಇನ್ನೂ ಹಸಿ.